ನಿರ್ದೇಶಕರು ಕತ್ತರಿ ಹಾಕಿದ ಮೇಲೆ ನಾಟಕಕಾರನಿಗೆ ಉಳಿಯುವುದೇನು?

ಪ್ರಶ್ನೆ: ನಾನು ಶಿವಮೊಗ್ಗದವನು, ಬ್ಯಾಂಕಿನಲ್ಲಿ ಕೆಲಸ. ನಮ್ಮ ಹವ್ಯಾಸಿ ತಂಡಕ್ಕೆಂದು ಮೊದಲ ಸಲ ಒಂದು ನಾಟಕ ಬರೆದೆ. ಅಪ್ಪ ತೀರಿಕೊಂಡ ಮೇಲೆ ಮೂವರು ಮಕ್ಕಳು ಮನೆ, ತೋಟ ಪಾಲು ಮಾಡಿಕೊಳ್ಳಲು ಕೂರುವ ಕತೆ. ಓದಿದಾಗ ಒಂದು ಮುಕ್ಕಾಲು ಗಂಟೆ ಇತ್ತು. ನಿರ್ದೇಶಕರು ಒಂದು ಗಂಟೆ ಹತ್ತು ನಿಮಿಷಕ್ಕೆ ಇಳಿಸಿದ್ದಾರೆ. ಅಮ್ಮನ ಎರಡು ಪುಟದ ಮಾತು ಪೂರ್ತಿ ಹೋಯಿತು. ಅಪ್ಪ ತೋಟವನ್ನು ಯಾವತ್ತೋ ಮಾರಿಬಿಟ್ಟಿದ್ದರು ಅನ್ನುವುದು ಕೊನೆಯಲ್ಲಿ ಗೊತ್ತಾಗುವ ಹಾಗೆ ಬರೆದಿದ್ದೆ. ಅದನ್ನು ಮೊದಲ ದೃಶ್ಯಕ್ಕೇ ತಂದಿದ್ದಾರೆ. ಕೇಳಿದರೆ "ಸ್ಕ್ರಿಪ್ಟ್ ಅಂದ್ರೆ ಕಚ್ಚಾ ಸಾಮಾನು ಸಾರ್" ಅನ್ನುತ್ತಾರೆ. ಹಾಗಾದರೆ ನಾಟಕಕಾರ ಅಂದ್ರೆ ಮಾತು ಬರೆದುಕೊಡುವ ಗುಮಾಸ್ತನಾ? ಹಿಂದಿನವರ ಕಾಲದಲ್ಲೂ ಹೀಗೇ ಇತ್ತಾ?

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಕತ್ತರಿ ಬೀಳದೆ ರಂಗಕ್ಕೆ ಬಂದ ಹೊಸ ನಾಟಕವನ್ನು ನಾನಂತೂ ನೋಡಿಲ್ಲ, ನನ್ನವನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಆದರೆ ನಿಮ್ಮ ನಿರ್ದೇಶಕರು ಮಾಡಿರುವ ಎರಡು ಕೆಲಸ ಒಂದೇ ಜಾತಿಯವಲ್ಲ. ಅಮ್ಮನ ಮಾತು ತೆಗೆದದ್ದು ಬೇರೆ, ತೋಟದ ವಿಷಯ ಮುಂದಕ್ಕೆ ತಂದದ್ದು ಬೇರೆ. ಅಲ್ಲಿಗೆ ಕೊನೆಯಲ್ಲಿ ಬರುತ್ತೇನೆ, ಸ್ವಲ್ಪ ಸುತ್ತು ಹಾಕಿ.

ನಾಟಕಕಾರ ಏನು ಮಾಡುತ್ತಾನೆ ಅಂದರೆ ಮಾತು ಬರೆಯುತ್ತಾನೆ ಅಂತ ಎಲ್ಲರೂ ಹೇಳುತ್ತಾರೆ. ತಪ್ಪೇನಲ್ಲ. ಆದರೆ ಅದು, ಅಡುಗೆಯವರು ಒಗ್ಗರಣೆ ಹಾಕುತ್ತಾರೆ ಅಂದ ಹಾಗಾಯಿತು. ನಿಮ್ಮ ಕತೆಯಲ್ಲೇ ನೋಡೋಣ. ದೊಡ್ಡ ಮಗ ಅಡುಗೆಮನೆ ಬಾಗಿಲಿಗೆ ಬಂದು "ಅಮ್ಮಾ, ಕಾಫಿ ಆಯ್ತಾ?" ಅನ್ನುತ್ತಾನೆ. ಇದರಲ್ಲಿ ಏನೂ ಇಲ್ಲ, ಪ್ರೇಕ್ಷಕರು ಆಕಳಿಸುತ್ತಾರೆ. ಈಗ ಅದಕ್ಕೆ ಮುಂಚೆ ಮಾತೇ ಇಲ್ಲದ ಅರ್ಧ ನಿಮಿಷ ಸೇರಿಸಿ. ಅಮ್ಮ ಹಿತ್ತಲಲ್ಲಿದ್ದಾಗ ಅವನು ಬೀರು ತೆಗೆದು ಪಹಣಿ, ಪತ್ರ ಎಲ್ಲ ಅಂಗಿಯೊಳಗೆ ಸೇರಿಸಿಕೊಂಡದ್ದನ್ನು ನಾವು ನೋಡಿದ್ದೇವೆ. ಆಮೇಲೆ ಅದೇ ಮನುಷ್ಯ, ಅದೇ ಬಾಗಿಲು, "ಅಮ್ಮಾ, ಕಾಫಿ ಆಯ್ತಾ?" ಇಡೀ ಸಭಾಂಗಣ ಮೌನ. ಮಾತಿನ ಒಂದು ಅಕ್ಷರವೂ ಬದಲಾಗಿಲ್ಲ. ಆ ಮೌನವನ್ನು ಬರೆದವರು ಯಾರು? ನಾಟಕಕಾರ. ಯಾರು ಯಾವಾಗ ಒಳಗೆ ಬರಬೇಕು, ಯಾರು ಇಲ್ಲದಾಗ ಯಾವ ವಿಷಯ ಹೊರಬೀಳಬೇಕು, ನೋಡುವವರಿಗೆ ಏನು ಮೊದಲೇ ಗೊತ್ತಿರಬೇಕು, ಯಾವುದನ್ನು ಕೊನೆತನಕ ಮುಚ್ಚಿಡಬೇಕು, ಈ ಲೆಕ್ಕವೇ ನಮ್ಮ ಕಸುಬು.

ಇನ್ನೊಂದು ಭಾಗ ಇದೆ, ಅದನ್ನು ಪುಸ್ತಕದಲ್ಲಿ ಯಾರೂ ಬರೆಯುವುದಿಲ್ಲ. ವರ್ಷಗಳ ಹಿಂದೆ ನಾನೊಂದು ಹವ್ಯಾಸಿ ತಂಡಕ್ಕೆ ನಾಟಕ ಬರೆದುಕೊಟ್ಟಿದ್ದೆ. ಮೂರನೇ ದೃಶ್ಯದಲ್ಲಿ ನಾಯಕಿ ಮದುವೆ ಸೀರೆಯಲ್ಲಿ ಹೊರಗೆ ಹೋಗುತ್ತಾಳೆ, ನಾಲ್ಕನೆಯದರಲ್ಲಿ ಹತ್ತು ವರ್ಷ ಕಳೆದ ಮೇಲೆ ಬರುತ್ತಾಳೆ. ಕಾಗದದ ಮೇಲೆ ಎರಡರ ನಡುವೆ ಒಂದು ಗೆರೆ ಎಳೆದರೆ ಆಯಿತು. ತಾಲೀಮಿನಲ್ಲಿ ನೋಡಿದರೆ ಸೀರೆ ಬದಲಾಯಿಸಿ, ತಲೆಗೆ ಬಿಳಿ ಹಚ್ಚಿಕೊಂಡು ಬರಲು ಆಕೆಗೆ ಮೂರು ನಿಮಿಷ ಬೇಕು! ಮೂರು ನಿಮಿಷ ಕತ್ತಲಲ್ಲಿ ಕೂರಿಸಿದರೆ ಜನ ಮೊಬೈಲ್ ತೆಗೆಯುತ್ತಾರೆ. ಅಲ್ಲೇ ಸೈಡ್‌ವಿಂಗ್‌ನಲ್ಲಿ ಕುಳಿತು, ಮನೆ ಕೆಲಸದ ಇಬ್ಬರು ಚಪ್ಪರ ಬಿಚ್ಚುತ್ತಾ ಮಾತಾಡುವ ಒಂದು ಚಿಕ್ಕ ದೃಶ್ಯ ಗೀಚಿಕೊಟ್ಟೆ. ನಾಟಕ ಮುಗಿದ ಮೇಲೆ ಎಲ್ಲರೂ ಹೊಗಳಿದ್ದು ಅದೊಂದನ್ನೇ. ನಾನು ತಿಂಗಳುಗಟ್ಟಲೆ ತಿದ್ದಿದ ಕ್ಲೈಮ್ಯಾಕ್ಸ್ ಬಗ್ಗೆ ಒಬ್ಬರೂ ಸೊಲ್ಲೆತ್ತಲಿಲ್ಲ.

ಹೀಗಾಗಿ ನಾಟಕಕಾರ ಯಾವತ್ತೂ ಒಬ್ಬನೇ ಕೂತು ಬರೆದವನಲ್ಲ. ಅವನ ಎದುರಿಗೆ ಯಾರೋ ಒಬ್ಬರು ಕತ್ತರಿ ಹಿಡಿದು ನಿಂತೇ ಇರುತ್ತಾರೆ. ಕಾಲದಿಂದ ಕಾಲಕ್ಕೆ ಬದಲಾಗಿರುವುದು ಕತ್ತರಿ ಯಾರ ಕೈಯಲ್ಲಿದೆ ಅನ್ನುವುದು. ಅದು ಕೈ ಬದಲಾಯಿಸಿದಾಗಲೆಲ್ಲ ಬರೆಯುವ ರೀತಿಯೂ ಬದಲಾಗಿದೆ.

ನಮ್ಮ ಯಕ್ಷಗಾನವನ್ನೇ ನೋಡಿ. ಪಾರ್ತಿಸುಬ್ಬನಂಥ ಪ್ರಸಂಗಕರ್ತರು ಬರೆದದ್ದು ಪದ್ಯಗಳನ್ನು. ವೇಷಧಾರಿ ಆಡುವ ಮಾತು ಅದರಲ್ಲಿ ಇಲ್ಲವೇ ಇಲ್ಲ. ಭಾಗವತರು ಹಾಡುತ್ತಾರೆ, ಅದರ ಅರ್ಥವನ್ನು ಕಲಾವಿದ ಆ ರಾತ್ರಿಯೇ ಕಟ್ಟಿ ಹೇಳುತ್ತಾನೆ. ನಾಳೆ ಬೇರೆ ಊರಿನಲ್ಲಿ ಬೇರೆ ಮಾತು. ಯಾವ ಪದ್ಯ ಎತ್ತಿಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವುದು ಭಾಗವತರ ಕೈಯಲ್ಲಿ. ಈಗ ಕಾಲಮಿತಿ ಆಟ ಬಂದ ಮೇಲಂತೂ ಬಿಟ್ಟಿದ್ದೇ ಜಾಸ್ತಿ. ಮಾತು ಬರೆಯುವವನೇ ನಾಟಕಕಾರ ಅನ್ನುವುದಾದರೆ ಪ್ರಸಂಗ ಬರೆದವರನ್ನು ಏನಂತ ಕರೆಯೋಣ? ಅವರು ಕಟ್ಟಿದ್ದು ಘಟನೆಯ ಸಾಲನ್ನು, ಪಾತ್ರ ಎದುರುಬದುರಾಗುವ ಕ್ಷಣವನ್ನು. ಅಷ್ಟು ಗಟ್ಟಿ ಇದ್ದರೆ ಮಾತು ತಾನಾಗಿ ಹುಟ್ಟುತ್ತದೆ ಅಂತ ನಂಬಿದ್ದರು. ನಂಬಿಕೆ ಸುಳ್ಳಾಗಲಿಲ್ಲ.

ಒಂದು ಸಣ್ಣ ಸ್ವಾರಸ್ಯ. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ಮೊದಲ ಮರಾಠಿ ನಾಟಕ ಆಡಿಸಿದ್ದು ನಮ್ಮ ಉತ್ತರ ಕನ್ನಡದ ಕಡೆಯಿಂದ ಹೋದ ಭಾಗವತ ಮೇಳದ ಆಟ ನೋಡಿದ ಮೇಲೆ. ಆಮೇಲೆ ಆ ಮರಾಠಿ ನಾಟಕಗಳೇ ದೊಡ್ಡದಾಗಿ ಬೆಳೆದು ಹುಬ್ಬಳ್ಳಿ, ಗದಗದ ಜನರನ್ನು ಸೆಳೆದುಕೊಂಡವು. ಅದನ್ನು ನೋಡಲಾರದೆ ಶಾಂತಕವಿಗಳು ಕನ್ನಡದಲ್ಲಿ ನಾಟಕ ಬರೆಯಲು ಕೂತರು. ನಾವು ಕೊಟ್ಟ ಸಾಲ ನಮಗೇ ಬಡ್ಡಿ ಸಮೇತ ಬಂತು ಅನ್ನಬಹುದು.

ಬರಹದ ನಾಟಕ ಕನ್ನಡದಲ್ಲಿ ತಡವಾಗಿ ಬಂತು. ಸಿಕ್ಕಿರುವುದರಲ್ಲಿ ಹಳೆಯದು ಸಿಂಗರಾರ್ಯನ 'ಮಿತ್ರವಿಂದಾ ಗೋವಿಂದ', ಚಿಕ್ಕದೇವರಾಜ ಒಡೆಯರ ಕಾಲದ್ದು, ಅದೂ ಸಂಸ್ಕೃತದ 'ರತ್ನಾವಳಿ'ಯನ್ನು ಹಿಡಿದು ಬರೆದದ್ದು. ಆಮೇಲೆ ಸುಮಾರು ಇನ್ನೂರು ವರ್ಷ ಹೇಳಿಕೊಳ್ಳುವಂಥದ್ದು ಇಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಶಾಕುಂತಲ ಎರಡು ಕಡೆ ಕನ್ನಡವಾಯಿತು, ಇದು ನನಗೆ ಬಹಳ ಇಷ್ಟದ ಜೋಡಿ. ಧಾರವಾಡದ ಕಡೆ ಚುರಮುರಿ ಶೇಷಗಿರಿರಾಯರು 1870ರ ಆಸುಪಾಸಿನಲ್ಲಿ ಅಲ್ಲಿನ ಆಡುಮಾತಿಗೆ ಅದನ್ನು ಇಳಿಸಿದರು. ಮೈಸೂರಿನಲ್ಲಿ ಬಸವಪ್ಪ ಶಾಸ್ತ್ರಿಗಳು ಅರಮನೆಯ ನಾಟಕ ಸಭೆಗೆ ಅದನ್ನೇ ಪ್ರೌಢ ಕನ್ನಡದಲ್ಲಿ ಬರೆದರು. ಕಾಳಿದಾಸ ಒಬ್ಬನೇ. ಆದರೆ ಒಬ್ಬರ ಎದುರಿಗೆ ಊರ ಜನ, ಇನ್ನೊಬ್ಬರ ಎದುರಿಗೆ ಮಹಾರಾಜರು. ಭಾಷೆ ತೀರ್ಮಾನವಾದದ್ದು ಅಲ್ಲೇ.

ಮುಂದೆ ಕಂಪನಿ ನಾಟಕದ ಕಾಲ. ಇಲ್ಲಿ ಕತ್ತರಿ ಮಾಲೀಕರ ಕೈಗೆ ಹೋಯಿತು. ಕಂಪನಿಯಲ್ಲಿ ಬರೆಯುವವರನ್ನು ಕವಿ ಅಂತಲೇ ಕರೆಯುತ್ತಿದ್ದರು. ಕವಿಗೆ ಮೊದಲೇ ಗೊತ್ತು, ಈ ಪಾರ್ಟು ಇಂಥವರದು, ಇವರಿಗೆ ಹಾಡು ಬೇಕು, ಅವರ ಧ್ವನಿ ಮೇಲಿನ ಸ್ವರಕ್ಕೆ ಹೋಗುವುದಿಲ್ಲ, ಹಾಸ್ಯದವರಿಗೆ ಇಷ್ಟು ಜಾಗ ಬಿಡಬೇಕು. ಅಳತೆ ತೆಗೆದು ಹೊಲಿಯುವ ದರ್ಜಿಯ ಕೆಲಸ. ಬೆಳ್ಳಾವೆ ನರಹರಿ ಶಾಸ್ತ್ರಿಗಳ 'ಸದಾರಮೆ' ಗುಬ್ಬಿ ಕಂಪನಿಯಲ್ಲಿ ಹೆಸರಾದಾಗ ಜನ ನೆನಪಿಟ್ಟುಕೊಂಡದ್ದು ಕಳ್ಳನನ್ನು, ಯಾಕಂದರೆ ಆ ಪಾರ್ಟು ಗುಬ್ಬಿ ವೀರಣ್ಣನವರದು. ಅದೇ ಕಂಪನಿಯ 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ನಿಜವಾದ ಆನೆಯೇ ಬಂತು. ಆನೆ ಬಂದ ಮೇಲೆ ಸಂಭಾಷಣೆ ಯಾರು ಕೇಳುತ್ತಾರೆ ಹೇಳಿ? ನಾನು ತಮಾಷೆಗೆ ಹೇಳುತ್ತಿದ್ದೇನೆ, ಆದರೆ ಆನೆಗೂ ಜಾಗ ಬಿಟ್ಟು ಬರೆಯುವುದು ಒಂದು ವಿದ್ಯೆಯೇ.

ಕಂಪನಿ ನಾಟಕವನ್ನು ಹಗುರವಾಗಿ ಕಾಣುವವರು ನಮ್ಮಲ್ಲಿ ಜಾಸ್ತಿ. ನನಗೆ ಅದು ಒಪ್ಪಿಗೆಯಿಲ್ಲ. ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ'ಯ ಶಕುನಿಯ ಪಾರ್ಟು ಸಿಕ್ಕರೆ ಸಾಕು ಅಂತ ಕಾಯುವ ನಟರು ಉತ್ತರ ಕರ್ನಾಟಕದಲ್ಲಿ ಇವತ್ತಿಗೂ ಇದ್ದಾರೆ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್' ಸಿನಿಮಾ ಆಗಿ ರಾಜಕುಮಾರ್ ಎಮ್ಮೆಯ ಮೇಲೆ ಕೂತು ಹಾಡುವ ಮುಂಚೆಯೇ ಹಳ್ಳಿ ಹಳ್ಳಿ ಸುತ್ತಿತ್ತು. ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ ನೋಡಿ, ಸಾಲಾಗಿ ಕಂಪನಿ ಟೆಂಟುಗಳು. ಒಂದರಲ್ಲಿ ಬೇಸರವಾದರೆ ಜನ ಎದ್ದು ಪಕ್ಕದ್ದಕ್ಕೆ ನಡೆಯುತ್ತಾರೆ. ಐದು ನಿಮಿಷಕ್ಕೊಮ್ಮೆ ಏನಾದರೂ ಆಗಲೇಬೇಕು ಅನ್ನುವ ಶಿಸ್ತು ಆ ಟೆಂಟಿನಿಂದ ಬಂದದ್ದು. ಇನ್ನು ಹಳೇ ಮೈಸೂರಿನ ಹಳ್ಳಿಗಳ ಪೌರಾಣಿಕ ನಾಟಕದಲ್ಲಿ ಪಾರ್ಟನ್ನು ದುಡ್ಡು ಕೊಟ್ಟು ತಗೋಬೇಕು. ದುರ್ಯೋಧನನಿಗೆ ರೇಟು ಜಾಸ್ತಿ, ದ್ವಾರಪಾಲಕನಿಗೆ ಕಡಿಮೆ. ಅಲ್ಲಿ ದುರ್ಯೋಧನನ ಕಂದಪದ್ಯ ಕತ್ತರಿಸಲು ಡ್ರಾಮಾ ಮೇಷ್ಟ್ರಿಗೆ ಧೈರ್ಯ ಬಂದೀತೇ? ದುಡ್ಡು ಕೊಟ್ಟವರು ಪ್ರತಿ ಪದ್ಯಕ್ಕೂ ಲೆಕ್ಕ ಕೇಳುತ್ತಾರೆ.

ಇದರ ಎದುರಿಗೆ ಬಂದವರು ಕೈಲಾಸಂ. ಲಂಡನ್ನಿನಲ್ಲಿ ಭೂಗರ್ಭ ಶಾಸ್ತ್ರ ಓದಿ ಬಂದವರು. ಕಿರೀಟ, ಸೀನರಿ, ಹಾರ್ಮೋನಿಯಂ ಎಲ್ಲ ಪಕ್ಕಕ್ಕಿಟ್ಟು ಬೆಂಗಳೂರು, ಮೈಸೂರಿನ ಮಧ್ಯಮ ವರ್ಗದ ಮನೆಯ ಹಜಾರವನ್ನೇ ರಂಗ ಮಾಡಿದರು. 'ಟೊಳ್ಳುಗಟ್ಟಿ' 1918ರದ್ದು. ಅವರ ನಾಟಕದ ಹೆಸರನ್ನೇ ನೋಡಿ, 'ಬಂಡ್ವಾಳ್ವಿಲ್ಲದ ಬಡಾಯಿ'. ಬಂಡವಾಳ ಅಲ್ಲ, ಬಂಡ್ವಾಳ. ಮನೆಯಲ್ಲಿ ಹೇಗೆ ಅಂತಾರೋ ಹಾಗೆ, ಅರ್ಧ ಇಂಗ್ಲಿಷ್ ಕಲಸಿ. ಅವರು ಪೆನ್ನು ಹಿಡಿದು ಬರೆದದ್ದು ಕಡಿಮೆ, ಬಾಯಲ್ಲಿ ಹೇಳುತ್ತಾ ಹೋಗುತ್ತಿದ್ದರು, ಸುತ್ತ ಕೂತವರು ಬರೆದುಕೊಳ್ಳುತ್ತಿದ್ದರು. ಅದಕ್ಕೇ ಆ ಸಾಲುಗಳು ಬಾಯಿಗೆ ಅಷ್ಟು ಸಲೀಸು. ನೀವು ಕೇಳಿದಿರಲ್ಲ, ಆ ಕಾಲದಲ್ಲೂ ಹೀಗೇ ಇತ್ತಾ ಅಂತ. ಕೈಲಾಸಂ ಮಟ್ಟಿಗೆ ನಾಟಕವನ್ನು ಮೊದಲು ಆಡಿ ತೋರಿಸಿದವರು ಅವರೇ, ಹೇಳುತ್ತಾ ಹೇಳುತ್ತಾ ತಿದ್ದಿಕೊಳ್ಳುತ್ತಿದ್ದವರೂ ಅವರೇ. ಕತ್ತರಿ ಅವರ ನಾಲಿಗೆಯಲ್ಲೇ ಇತ್ತು.

ಪೂರ್ತಿ ಇನ್ನೊಂದು ತುದಿ ಸಂಸ. ಮೈಸೂರು ಅರಸರ ಇತಿಹಾಸವನ್ನು ತನ್ನದೇ ಒಂದು ಹಳೆಯ ಗಟ್ಟಿ ಕನ್ನಡದಲ್ಲಿ ಒಂಟಿಯಾಗಿ ಬರೆದ ಮನುಷ್ಯ. ಹಿಂದೆ ಕಂಪನಿ ಇಲ್ಲ, ತಂಡ ಇಲ್ಲ. ಬರೆದದ್ದರಲ್ಲಿ ನಮಗೆ ಉಳಿದಿರುವುದು ಆರು ನಾಟಕ. 1939ರಲ್ಲಿ ತೀರಿಕೊಂಡರು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲು ರಂಗಮಂದಿರಕ್ಕೆ ಅವರ ಹೆಸರಿದೆ. ಅಲ್ಲಿ ಕೂತು ನಾಟಕ ನೋಡುವಾಗೆಲ್ಲ ನನಗೆ, ಇವರಿಗೆ ಒಂದು ತಂಡ ಸಿಕ್ಕಿದ್ದರೆ ಅನ್ನಿಸುತ್ತದೆ. ಕತ್ತರಿ ಹಾಕುವವರೇ ಇಲ್ಲದಿರುವುದು ಇನ್ನೂ ಕಷ್ಟ.

ಈಗ ನಿಮ್ಮ ಎದುರಿಗಿರುವ ನಿರ್ದೇಶಕ ಅನ್ನುವ ವ್ಯಕ್ತಿ ಬಂದದ್ದು ಇದಾದ ಮೇಲೆ. ತರಬೇತಿ ಪಡೆದ ನಿರ್ದೇಶಕ, ಬೆಳಕಿನ ವಿನ್ಯಾಸ, ರಂಗಸಜ್ಜಿಕೆ ಅಂತ ಬೇರೆ ಬೇರೆ ಮಂದಿ ಬಂದಾಗ ನಾಟಕಕಾರನ ಕೆಲಸ ಅರ್ಧ ಹಗುರಾಯಿತು, ಅರ್ಧ ಕೈತಪ್ಪಿತು. ಶ್ರೀರಂಗರು ಸಾಮಾಜಿಕ ನಾಟಕದಿಂದ ಶುರುಮಾಡಿ 'ಕೇಳು ಜನಮೇಜಯ'ದ ಹೊತ್ತಿಗೆ ಕತೆ ಹೇಳುವ ರೀತಿಯನ್ನೇ ಮುರಿದು ಕಟ್ಟುತ್ತಿದ್ದರು. ಆಮೇಲೆ ಕಾರ್ನಾಡ್, ಲಂಕೇಶ್, ಕಂಬಾರ, ಜೊತೆಗೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತ ಬಿ.ವಿ. ಕಾರಂತ.

ಇಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. 1964ರ 'ತುಘಲಕ್'. ಪಾರ್ಸಿ ಕಂಪನಿಗಳ ಕಾಲದಿಂದ ಬಂದ ಒಂದು ಉಪಾಯ ಇತ್ತು, ಡೀಪ್ ಸೀನು, ಶ್ಯಾಲೋ ಸೀನು ಅಂತ. ಅರಮನೆಯ ದೊಡ್ಡ ದೃಶ್ಯಕ್ಕೆ ಪೂರ್ತಿ ರಂಗ ಬೇಕು. ಅದು ಮುಗಿದ ತಕ್ಷಣ ಬೀದಿಯ ಚಿತ್ರವಿರುವ ಪರದೆ ಇಳಿಸುತ್ತಾರೆ, ಅದರ ಮುಂದಿನ ಕಿರಿದಾದ ಜಾಗದಲ್ಲಿ ಇಬ್ಬರು ಹಾಸ್ಯದವರು ಏನೋ ಮಾತಾಡುತ್ತಾರೆ. ಅಷ್ಟರಲ್ಲಿ ಹಿಂದೆ ಮುಂದಿನ ದೃಶ್ಯಕ್ಕೆ ಕುರ್ಚಿ, ಕಂಬ ಎಲ್ಲ ಜೋಡಿಸುತ್ತಾರೆ. ನನ್ನ ಸೀರೆ ಕತೆ ನೆನಪಾಯಿತಾ? ಅದೇ ಇದು, ನೂರು ವರ್ಷ ಹಳೆಯದು. ಕಾರ್ನಾಡರು 'ತುಘಲಕ್'ಗೆ ಈ ಸಾಮಾನನ್ನೇ ಎತ್ತಿಕೊಂಡರು. ಹಿಂದಿನ ಆಳದಲ್ಲಿ ಸುಲ್ತಾನ, ಮುಂದಿನ ಬೀದಿಯಲ್ಲಿ ಅಗಸ ಅಜೀಜ್ ಮತ್ತು ಅವನ ಗೆಳೆಯ ಅಜಮ್. ಕಂಪನಿ ನಾಟಕದಲ್ಲಾದರೆ ಬೀದಿಯವನು ಬೀದಿಯಲ್ಲೇ ಇರಬೇಕು. ಇಲ್ಲಿ ಅಜೀಜ್ ದೃಶ್ಯದಿಂದ ದೃಶ್ಯಕ್ಕೆ ಬೆಳೆಯುತ್ತಾ ಹೋಗಿ, ಒಬ್ಬ ಧರ್ಮಗುರುವನ್ನು ಕೊಂದು ಅವನ ವೇಷ ಹಾಕಿಕೊಂಡು, ಕೊನೆಗೆ ಸುಲ್ತಾನನ ಎದುರಿಗೇ ನಿಲ್ಲುತ್ತಾನೆ. ಪರದೆಯ ಮುಂದಿನವನು ಪರದೆಯ ಹಿಂದಕ್ಕೆ ನಡೆದುಬಿಟ್ಟ. ಒಂದು ರಾಜ್ಯ ಕುಸಿಯುವುದನ್ನು ಹೇಳಲು ಯಾವ ಭಾಷಣವೂ ಬೇಕಾಗಲಿಲ್ಲ, ರಂಗದ ಅಂಕೆ ಮುರಿದದ್ದೇ ಸಾಕಾಯಿತು. ನಾಟಕಕಾರನ ಕೈಚಳಕ ಅಂದರೆ ನನಗೆ ಮೊದಲು ನೆನಪಾಗುವುದು ಇದು.

'ಹಯವದನ' ಹುಟ್ಟಿದ ಬಗ್ಗೆ ಕಾರ್ನಾಡರೇ ಬರೆದಿದ್ದಾರೆ. ಮುಖವಾಡ ಮತ್ತು ಸಂಗೀತದ ಬಗ್ಗೆ ಕಾರಂತರ ಜೊತೆ ವಾದ ಮಾಡುತ್ತಿದ್ದಾಗ ಅದು ತಲೆಯಲ್ಲಿ ರೂಪ ಪಡೆಯಿತಂತೆ. ಅಂದರೆ ನಿರ್ದೇಶಕ ಸ್ಕ್ರಿಪ್ಟ್ ಬಂದ ಮೇಲೆ ಕತ್ತರಿ ಹಾಕುವವನು ಮಾತ್ರ ಆಗಿರಲಿಲ್ಲ, ಬರೆಯುವ ಮುಂಚೆಯೇ ಪಕ್ಕದಲ್ಲಿದ್ದ. ಕಂಬಾರರ 'ಜೋಕುಮಾರಸ್ವಾಮಿ' ಕೂಡ ಹಾಗೇ. ಬಯಲಾಟದ ಮೇಳ, ಹಾಡು, ಕುಣಿತ ಇಲ್ಲದೆ ಬರೀ ಓದಿದರೆ ಅದರ ಅರ್ಧವೂ ದಕ್ಕುವುದಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಇನ್ನೊಂದು ತಿರುವು. 'ಸಮುದಾಯ' ಅನ್ನುವ ತಂಡದವರು 'ಬೆಲ್ಚಿ' ನಾಟಕವನ್ನು ಬೀದಿ ಬೀದಿಯಲ್ಲಿ ಆಡಿದಾಗ ಪರದೆಯೂ ಇಲ್ಲ, ವಿಂಗೂ ಇಲ್ಲ, ಟಿಕೆಟ್ಟೂ ಇಲ್ಲ. ನಿಂತು ನೋಡುವವನು ಯಾವ ಕ್ಷಣದಲ್ಲಾದರೂ ಬಸ್ಸು ಹತ್ತಿ ಹೋಗಬಹುದು. ಬೀದಿ ನಾಟಕದ ಬರಹವನ್ನು ಓದಲು ಹೋದರೆ ಸಪ್ಪೆ ಅನ್ನಿಸುತ್ತದೆ. ಅದು ಓದಲಿಕ್ಕೆ ಮಾಡಿದ್ದಲ್ಲ. ಅಂಥ ನಾಟಕ ಎಷ್ಟೋ ಸಲ ತಂಡದವರೆಲ್ಲ ಕೂಡಿಯೇ ಕಟ್ಟಿದ್ದು, ಯಾರದೋ ಒಬ್ಬರ ಹೆಸರು ಹಾಕುವುದೇ ಕಷ್ಟ.

ಇತ್ತೀಚಿನದಕ್ಕೆ ಬಂದರೆ, ಹೊಸ ನಾಟಕಕ್ಕಿಂತ ಕಾದಂಬರಿ, ಕತೆಗಳ ರಂಗರೂಪವೇ ಹೆಚ್ಚು ಕಾಣುತ್ತದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಇಡೀ ರಾತ್ರಿಯ ನಾಟಕವಾಯಿತು. ಕೆ.ವೈ. ನಾರಾಯಣಸ್ವಾಮಿ ರಂಗರೂಪ, ಸಿ. ಬಸವಲಿಂಗಯ್ಯ ನಿರ್ದೇಶನ. ಪ್ರೇಕ್ಷಕರೇ ಎದ್ದು ಒಂದು ರಂಗದಿಂದ ಇನ್ನೊಂದಕ್ಕೆ ನಡೆದು ಹೋಗಬೇಕು. ಅಂದರೆ ಬರೆಯುವವರು ಜನ ನಡೆಯುವ ಹೊತ್ತನ್ನೂ ಲೆಕ್ಕ ಹಾಕಬೇಕು. ಆ ಗಾತ್ರದ ಕಾದಂಬರಿಯಲ್ಲಿ ಏನನ್ನು ಬಿಡಬೇಕು ಅನ್ನುವುದೇ ಅಲ್ಲಿನ ದೊಡ್ಡ ಬರವಣಿಗೆ. ಇದರ ತದ್ವಿರುದ್ಧ ತುದಿಯಲ್ಲಿ ಒಬ್ಬರೇ ಆಡುವ ನಾಟಕಗಳಿವೆ. ದು. ಸರಸ್ವತಿ ತಾವೇ ಕಟ್ಟಿ ತಾವೇ ಆಡುವ 'ಸಣ್ತಿಮ್ಮಿ ರಾಮಾಯಣ'ದಲ್ಲಿ ನಾಟಕಕಾರ್ತಿಯೂ ನಟಿಯೂ ಒಬ್ಬರೇ. ಕಾರ್ನಾಡರ 'ಒಡಕಲು ಬಿಂಬ' ಇನ್ನೂ ವಿಚಿತ್ರ. ಒಬ್ಬ ಲೇಖಕಿ, ಎದುರಿಗೆ ಟಿವಿ ಪರದೆಯಲ್ಲಿ ಅವಳದೇ ಬಿಂಬ. ಬಿಂಬ ಪ್ರಶ್ನೆ ಕೇಳುತ್ತದೆ, ಅವಳು ಉತ್ತರಿಸಬೇಕು. ರೆಕಾರ್ಡ್ ಆದ ಬಿಂಬ ನಟಿಗಾಗಿ ಕಾಯುವುದಿಲ್ಲ ನೋಡಿ. ಇವಳ ಸಾಲು ಎರಡು ಸೆಕೆಂಡ್ ಉದ್ದವಾದರೂ ಅದು ಇವಳ ಮಾತಿನ ಮೇಲೇ ಮಾತಾಡಿಬಿಡುತ್ತದೆ. ಪ್ರೇಕ್ಷಕರು ನಕ್ಕರೆ ನಟಿ ಸ್ವಲ್ಪ ತಡೆದು ಮುಂದುವರಿಯುವುದು ಮಾಮೂಲು, ಇಲ್ಲಿ ಅದಕ್ಕೂ ಅವಕಾಶ ಕಡಿಮೆ. ಯಂತ್ರದ ಕೈಗೂ ಕತ್ತರಿ ಹೋಯಿತು ಅಂತಾಯಿತು.

ಸರಿ, ನಿಮ್ಮ ನಾಟಕಕ್ಕೆ ಬರೋಣ.

ಅಮ್ಮನ ಎರಡು ಪುಟದ ಮಾತು. ನೀವು ಕಳಿಸಿದ ಆ ಪುಟಗಳನ್ನು ಓದಿದೆ. ಚೆನ್ನಾಗಿವೆ, ಕಣ್ಣೂ ಒದ್ದೆಯಾಯಿತು. ಆದರೆ ಅದರಲ್ಲಿ ಅವಳು ಹೇಳುವುದೆಲ್ಲ ಅಷ್ಟು ಹೊತ್ತಿಗೆ ನಮಗೆ ಗೊತ್ತಾಗಿಬಿಟ್ಟಿದೆ. ಮಕ್ಕಳು ಪಾತ್ರೆ ಪಾಲು ಮಾಡುವಾಗ ಅವಳು ಎದ್ದು ಹೋಗಿ ಗಂಡನ ಊಟದ ತಟ್ಟೆಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬರುತ್ತಾಳಲ್ಲ, ಅಲ್ಲೇ ಆ ಮಾತು ಮುಗಿದಿದೆ. ಅದನ್ನು ಬರೆದವರೂ ನೀವೇ. ನಿರ್ದೇಶಕರು ಅದನ್ನು ಉಳಿಸಿದ್ದಾರಾ ನೋಡಿ. ಉಳಿಸಿದ್ದರೆ ಎರಡು ಪುಟ ಬಿಟ್ಟುಕೊಡಿ, ಜಗಳ ಬೇಡ.

ತೋಟದ ವಿಷಯಕ್ಕೆ ಮಾತ್ರ ಸುಮ್ನೆ ಇರಬೇಡಿ. ತೋಟ ಮಾರಿಹೋಗಿದೆ ಅಂತ ಮೊದಲ ದೃಶ್ಯದಲ್ಲೇ ಗೊತ್ತಾದರೆ ಆಮೇಲಿನ ಒಂದು ಗಂಟೆ ಬೇರೆಯೇ ನಾಟಕ. ಆಗ ಇಲ್ಲದ ತೋಟಕ್ಕೆ ಮೂವರು ಕಚ್ಚಾಡುವುದನ್ನು ನಾವು ಮೇಲಿನಿಂದ ನೋಡಿ ನಗುತ್ತೇವೆ. ನಿಮ್ಮ ಬರಹದಲ್ಲಿ ನಾವೂ ಅವರ ಜೊತೆ ಕೂತು ಯಾರಿಗೆ ಎಷ್ಟು ಅಂತ ಲೆಕ್ಕ ಹಾಕುತ್ತಿರುತ್ತೇವೆ, ಕೊನೆಗೆ ಅವರ ಜೊತೆಯೇ ಬೀಳುತ್ತೇವೆ. ಅವರದ್ದೂ ಒಳ್ಳೆಯ ನಾಟಕ ಇರಬಹುದು, ಆದರೆ ಅದು ನಿಮ್ಮದಲ್ಲ. ಇದನ್ನು ಅವರಿಗೆ ಹೇಳುವಾಗ "ನನ್ನ ಸ್ಕ್ರಿಪ್ಟ್ ಮುಟ್ಟಬೇಡಿ" ಅಂತ ಶುರುಮಾಡಬೇಡಿ, ಕೆಲಸ ಕೆಡುತ್ತದೆ. "ಜನ ಯಾರ ಪಕ್ಕ ಕೂರಬೇಕು ಅಂತ ನಿಮಗೆ ಅನ್ನಿಸುತ್ತೆ?" ಅಂತ ಕೇಳಿ. ಒಪ್ಪದಿದ್ದರೆ ಎರಡು ತಾಲೀಮು ಮಾಡಿಸಿ, ಒಂದು ಅವರ ಸಾಲಿನಂತೆ, ಒಂದು ನಿಮ್ಮ ಸಾಲಿನಂತೆ. ಕತೆ ಗೊತ್ತಿಲ್ಲದ ಒಂದಿಷ್ಟು ಜನರನ್ನು ಎರಡು ಪಾಲು ಮಾಡಿ, ಒಂದೊಂದು ಪಾಲಿಗೆ ಒಂದೊಂದನ್ನು ತೋರಿಸಿ. ನೀವಿಬ್ಬರೂ ರಂಗದ ಕಡೆ ಬೆನ್ನು ಹಾಕಿ, ಅವರ ಮುಖ ನೋಡುತ್ತಾ ಕೂತುಕೊಳ್ಳಿ.